ಡೊನಾಲ್ಡ್ ಥಾಮಸ್ ಓದಬೇಕೆ? ವೆರಿಟಿ, ಹೋಮ್ಸ್, ಕಾರ್ಡಿಗನ್: ಯಾರಿಂದ ಶುರು ಮಾಡೋದು

ಡೊನಾಲ್ಡ್ ಥಾಮಸ್ ಎಂಬ ಇಂಗ್ಲಿಷ್ ಲೇಖಕರ ಹೆಸರು ಹಾಕಿ ಹುಡುಕಿದರೆ ಶೆರ್ಲಾಕ್ ಹೋಮ್ಸ್ ಕಥೆಗಳು ಸಿಗುತ್ತವೆ. ಒಬ್ಬ ಕುದುರೆ ಪಡೆಯ ಅಧಿಕಾರಿಯ ಜೀವನಚರಿತ್ರೆ ಸಿಗುತ್ತದೆ. ಒಬ್ಬ ನೌಕಾಪಡೆಯ ಕ್ಯಾಪ್ಟನ್ನನದೂ ಇದೆ. 'ಆಲಿಸ್' ಬರೆದ ಲೂಯಿಸ್ ಕ್ಯಾರಲ್‌ನದೂ ಇದೆ. ಲಂಡನ್ನಿನ ಕಳ್ಳರು, ವಂಚಕರು, ಜೇಬುಗಳ್ಳರ ಇತಿಹಾಸವೂ ಇದೆ. ಆದರೆ ಅವರು ಸೃಷ್ಟಿಸಿದ ಅತ್ಯಂತ ಮಜವಾದ ಪಾತ್ರ, ಲಂಡನ್ ಪೊಲೀಸಿನ ಸಾರ್ಜೆಂಟ್ ವೆರಿಟಿ, ಸಿಗಬೇಕಾದರೆ ಬೇರೆ ಹೆಸರು ಹಾಕಬೇಕು: ಫ್ರಾನ್ಸಿಸ್ ಸೆಲ್ವಿನ್. ಇಬ್ಬರೂ ಒಬ್ಬರೇ.

ಥಾಮಸ್ ಹುಟ್ಟಿದ್ದು 1934ರಲ್ಲಿ, ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿರುವ ವೆಸ್ಟನ್-ಸೂಪರ್-ಮೇರ್ ಎಂಬ ಕಡಲತೀರದ ಊರಿನಲ್ಲಿ. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಓದಿದರು. ವೇಲ್ಸ್‌ನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿ, ಪ್ರೊಫೆಸರ್ ಆದರು. 2022ರಲ್ಲಿ ತೀರಿಕೊಂಡರು. ಇಂಗ್ಲೆಂಡಿನಲ್ಲಿ ಪುಸ್ತಕಗಳಿಗೆ ಬಿದ್ದ ಕತ್ತರಿಯ ಇತಿಹಾಸವನ್ನು 1969ರಲ್ಲೇ ಬರೆದಿದ್ದರು. ಅಂದರೆ ದಾಖಲೆ, ಕೋರ್ಟು, ಹಳೆಯ ಪತ್ರಿಕೆಗಳ ಧೂಳು ಕುಡಿದು ಬಂದ ಮನುಷ್ಯ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಶುರು ಮಾಡಿದ್ದು ಅವರ ಹೋಮ್ಸ್ ಕಥೆಗಳಿಂದ. ಅದೇ ತಪ್ಪಾಯಿತು. ಹೋಮ್ಸ್ ಹೆಸರು ನೋಡಿ ಕೊಂಡೆ, ಹೋಮ್ಸ್‌ಗಾಗಿ ಓದಿದೆ, ಅರ್ಧಕ್ಕೆ ಬಿಟ್ಟೆ. ಎಷ್ಟೋ ದಿನದ ಮೇಲೆ ಅವರ ಇತಿಹಾಸದ ಪುಸ್ತಕ ಓದಿ, ಮತ್ತೆ ಅದೇ ಕಥೆಗಳಿಗೆ ವಾಪಸ್ ಬಂದಾಗ ಅವು ಬೇರೆಯೇ ಆಗಿ ಕಂಡವು. ಆದ್ದರಿಂದ ಈ ಲೇಖಕರ ವಿಷಯದಲ್ಲಿ ಯಾವ ಪುಸ್ತಕ ಚೆನ್ನಾಗಿದೆ ಅನ್ನುವುದಕ್ಕಿಂತ ಯಾವುದರ ಮೇಲೆ ಯಾವುದನ್ನು ಓದಬೇಕು ಅನ್ನುವುದೇ ಮುಖ್ಯ. ಅವರು ಒಂದೇ ಘಟನೆಯನ್ನು, ಒಬ್ಬನೇ ಮನುಷ್ಯನನ್ನು ಎರಡೆರಡು ಸಲ ಬರೆಯುತ್ತಾರೆ: ಒಂದು ಸಲ ಇತಿಹಾಸವಾಗಿ, ಒಂದು ಸಲ ಕಥೆಯಾಗಿ.

ಚಿನ್ನದ ಪೆಟ್ಟಿಗೆ ಮತ್ತು ದಪ್ಪ ಸಾರ್ಜೆಂಟ್

ವೆರಿಟಿಯ ಮೊದಲ ಕಾದಂಬರಿ 'ಕ್ರ್ಯಾಕ್ಸ್‌ಮನ್ ಆನ್ ವೆಲ್ವೆಟ್' ಬಂದದ್ದು 1974ರಲ್ಲಿ. ಕ್ರ್ಯಾಕ್ಸ್‌ಮನ್ ಅಂದರೆ ಬೀಗ, ಬಾಗಿಲು, ತಿಜೋರಿ ಒಡೆಯುವ ಕಳ್ಳ. 'ಆನ್ ವೆಲ್ವೆಟ್' ಜೂಜುಕೋರರ ಮಾತು. ಕೈಯಿಂದ ಹಾಕಿದ ದುಡ್ಡಲ್ಲ, ಗೆದ್ದ ದುಡ್ಡಿನಲ್ಲೇ ಆಡುವ ಸುಖದ ಸ್ಥಿತಿ.

ಈ ಕಾದಂಬರಿ ಓದುವ ಮುಂಚೆ ಅದರ ಹಿಂದಿರುವ ನಿಜವಾದ ಕಳ್ಳತನ ಗೊತ್ತಿದ್ದರೆ ಸೊಗಸು. 1855ರ ಮೇ 15ರ ರಾತ್ರಿ. ಲಂಡನ್ ಬ್ರಿಜ್ ನಿಲ್ದಾಣದಿಂದ ಫೋಕ್‌ಸ್ಟನ್ ಬಂದರಿಗೆ ಹೋಗುವ ರೈಲು. ಗಾರ್ಡಿನ ಡಬ್ಬಿಯಲ್ಲಿ ಕಬ್ಬಿಣದ ತಿಜೋರಿಗಳು, ಒಳಗೆ ಪ್ಯಾರಿಸ್ಸಿಗೆ ಹೊರಟ ಚಿನ್ನ. ಬೆಲೆ ಸುಮಾರು 12,000 ಪೌಂಡು. ಎಡ್ವರ್ಡ್ ಏಗರ್ ಮತ್ತು ವಿಲಿಯಂ ಪಿಯರ್ಸ್ ಎಂಬಿಬ್ಬರು ಇದಕ್ಕಾಗಿ ತಿಂಗಳುಗಟ್ಟಲೆ ತಯಾರಿ ಮಾಡಿದ್ದರು. ರೈಲ್ವೆ ಕಚೇರಿಯ ಗುಮಾಸ್ತ ಟೆಸ್ಟರ್ ಅವರ ಕೈಗೆ ಬಂದಿದ್ದ. ಗಾರ್ಡ್ ಬರ್ಜೆಸ್ ಕೂಡ. ಕೀಲಿಗಳನ್ನು ಮೇಣದಲ್ಲಿ ಒತ್ತಿ ಅಚ್ಚು ತೆಗೆದು ನಕಲಿ ಮಾಡಿದರು. ಓಡುವ ರೈಲಿನಲ್ಲಿ ಚಿನ್ನ ತೆಗೆದು, ತೂಕ ಸರಿಹೋಗಲಿ ಅಂತ ಪೆಟ್ಟಿಗೆಗೆ ಸೀಸದ ಗುಂಡು ತುಂಬಿದರು. ಪೆಟ್ಟಿಗೆ ಪ್ಯಾರಿಸ್ಸಿನಲ್ಲಿ ತೆರೆದಾಗ ಗೊತ್ತಾಯಿತು, ಒಳಗಿರುವುದು ಸೀಸ ಅಂತ. ಎಲ್ಲಿ ಕದ್ದರು, ಇಂಗ್ಲೆಂಡಿನಲ್ಲೋ ಫ್ರಾನ್ಸಿನಲ್ಲೋ, ಅದೇ ಒಂದು ದೊಡ್ಡ ಜಗಳವಾಯಿತು.

ಸಿಕ್ಕಿಬಿದ್ದದ್ದು ಪೊಲೀಸರ ಬುದ್ಧಿಯಿಂದಲ್ಲ. ಏಗರ್ ಬೇರೊಂದು ಚೆಕ್ ಕೇಸಿನಲ್ಲಿ ಜೈಲಿಗೆ ಹೋದ. ತನ್ನ ಮಗುವಿನ ತಾಯಿ ಫ್ಯಾನಿ ಕೇಗೆ ದುಡ್ಡು ಕೊಡು ಅಂತ ಪಿಯರ್ಸ್‌ಗೆ ಹೇಳಿಹೋಗಿದ್ದ. ಪಿಯರ್ಸ್ ಕೊಡಲಿಲ್ಲ. ಆಕೆ ನೇರವಾಗಿ ನ್ಯೂಗೇಟ್ ಜೈಲಿನ ಅಧಿಕಾರಿಯ ಹತ್ತಿರ ಹೋಗಿ ಬಾಯಿಬಿಟ್ಟಳು. ಏಗರ್ ಸಾಕ್ಷಿಯಾದ. 1857ರ ಜನವರಿಯಲ್ಲಿ ವಿಚಾರಣೆ ನಡೆಯಿತು. ಗಾರ್ಡ್ ಮತ್ತು ಗುಮಾಸ್ತನಿಗೆ ಹದಿನಾಲ್ಕು ವರ್ಷದ ಗಡೀಪಾರು. ಎಲ್ಲಕ್ಕೂ ಮೂಲನಾದ ಪಿಯರ್ಸ್‌ಗೆ ಕಾನೂನಿನ ಒಂದು ಸಂದಿಯಿಂದಾಗಿ ಬರೀ ಎರಡು ವರ್ಷ. ಕಷ್ಟಪಟ್ಟು ಮೇಣದ ಅಚ್ಚು ತೆಗೆದ ತಂಡ ಒಬ್ಬ ಹೆಂಗಸಿಗೆ ತಿಂಗಳ ಖರ್ಚು ಕೊಡದ ಜಿಪುಣತನದಲ್ಲಿ ಮುಳುಗಿತು.

ಥಾಮಸ್ ಈ ದರೋಡೆಯ ಲೋಕವನ್ನು ತೆಗೆದುಕೊಂಡು ಅದಕ್ಕೆ ಲೆಫ್ಟಿನೆಂಟ್ ವರ್ನಿ ಡೇಕರ್ ಎಂಬ ಕುಲೀನ ಖಳನನ್ನು ಸೇರಿಸುತ್ತಾರೆ. ಎದುರಿಗೆ ನಮ್ಮ ಸಾರ್ಜೆಂಟ್ ವಿಲಿಯಂ ಕ್ಲಾರೆನ್ಸ್ ವೆರಿಟಿ. ದಪ್ಪ ಮೈ, ಕೆಂಪು ಮುಖ, ಎತ್ತರದ ಟೋಪಿ. ರಷ್ಯಾ ವಿರುದ್ಧದ ಕ್ರೈಮಿಯಾ ಯುದ್ಧ ಕಂಡವನು. ದೈವಭಕ್ತ. ಕಳ್ಳನನ್ನು ಹಿಡಿಯುವಾಗಲೂ ಬುದ್ಧಿಮಾತು ಹೇಳುವ ಸ್ವಭಾವ. ಮೇಲಧಿಕಾರಿ ಇನ್‌ಸ್ಪೆಕ್ಟರ್ ಕ್ರೋಕರ್‌ಗೆ ಇವನನ್ನು ಕಂಡರೆ ಆಗದು. ಮಾವ ಸ್ಟ್ರಿಂಗ್‌ಫೆಲೋ ಬಾಡಿಗೆ ಗಾಡಿ ಹೊಡೆಯುವವನು. ವೆರಿಟಿ ಹೋಮ್ಸ್‌ನಂತೆ ಬೂದಿ ನೋಡಿ ಸಿಗರೇಟು ಹೇಳುವವನಲ್ಲ. ಒದೆ ತಿಂದು, ಮಳೆಯಲ್ಲಿ ನೆಂದು, ಸುಳ್ಳು ಆರೋಪ ಹೊತ್ತು, ಆದರೂ ಹಟ ಬಿಡದೆ ಕೊನೆಗೆ ಬಾಗಿಲು ತಟ್ಟುವ ಮನುಷ್ಯ. ಅವನನ್ನು ನೋಡಿ ನಗು ಬರುತ್ತದೆ. ಸ್ವಲ್ಪ ಹೊತ್ತಿಗೆ ಅವನ ಪರವಾಗಿ ಕೋಪವೂ ಬರುತ್ತದೆ.

ಇದೇ ಚಿನ್ನದ ಕಳ್ಳತನದ ಮೇಲೆ ಮೈಕಲ್ ಕ್ರೈಟನ್ ಅವರ ಕಾದಂಬರಿಯೂ ಇದೆ, 1975ರದ್ದು. ಷಾನ್ ಕಾನರಿ ಇದ್ದ ಸಿನಿಮಾ ಅದರಿಂದಲೇ ಬಂತು. ಎರಡರಲ್ಲಿ ಒಂದೇ ಓದುವುದಾದರೆ? ಯೋಜನೆ ಹೇಗೆ, ಕೀಲಿ ಹೇಗೆ, ರೈಲಿನ ಮೇಲೆ ಹತ್ತಿದ್ದು ಹೇಗೆ ಅನ್ನುವ ಕುತೂಹಲ ನಿಮ್ಮದಾದರೆ ಕ್ರೈಟನ್ ಸಾಕು, ಓಟ ಜಾಸ್ತಿ. ಬೀದಿಯ ವಾಸನೆ, ಬೈಗುಳ, ಪೊಲೀಸ್ ಕಚೇರಿಯ ಸಣ್ಣತನ ಬೇಕಾದರೆ ವೆರಿಟಿ. ನನ್ನ ಮತ ವೆರಿಟಿಗೆ.

ಒಂದು ಎಚ್ಚರಿಕೆ ಹೇಳಬೇಕು. ವೆರಿಟಿ ಪುಸ್ತಕಗಳಲ್ಲಿ ಆ ಕಾಲದ ಕಳ್ಳಭಾಷೆ ತುಂಬ. 'ಸ್ವೆಲ್ ಮಾಬ್' ಅಂದರೆ ಸಾಹುಕಾರರ ಹಾಗೆ ಬಟ್ಟೆ ಹಾಕಿ ಜೇಬು ಕತ್ತರಿಸುವವರ ಗುಂಪು. 'ಮ್ಯಾಗ್ಸ್‌ಮನ್' ಅಂದರೆ ಮಾತಿನಲ್ಲೇ ಮೋಸ ಮಾಡುವವನು. ಮೊದಲ ಮೂವತ್ತು ಪುಟ ನಿಧಾನ ಆಗುತ್ತದೆ. ಜೊತೆಗೆ ಆ ಕಾಲದ ಹಿಂಸೆ, ಹೆಣ್ಣುಮಕ್ಕಳ ಮೇಲಿನ ಕ್ರೌರ್ಯವನ್ನು ಥಾಮಸ್ ಮುಚ್ಚಿಡುವುದಿಲ್ಲ. ಕೆಲವು ಕಡೆ ಬೇಕಾದ್ದಕ್ಕಿಂತ ಹೆಚ್ಚೇ ತೋರಿಸುತ್ತಾರೆ ಅಂತ ನನಗೆ ಅನ್ನಿಸಿದೆ. ಮನೆಯಲ್ಲಿ ಹದಿಮೂರು ವರ್ಷದ ಓದುಗರಿದ್ದರೆ ಇದನ್ನು ಕೊಡಬೇಡಿ, ಹೋಮ್ಸ್ ಕೊಡಿ.

ಈ ಹೋಮ್ಸ್ ಯಾರ ಹೋಮ್ಸ್?

ಥಾಮಸ್ ಅವರ ಹೋಮ್ಸ್ ಸಂಕಲನಗಳಲ್ಲಿ ಮೊದಲನೆಯದು 1997ರ 'ದಿ ಸೀಕ್ರೆಟ್ ಕೇಸಸ್ ಆಫ್ ಶೆರ್ಲಾಕ್ ಹೋಮ್ಸ್'. ಆಮೇಲೆ 2001, 2007, 2009ರಲ್ಲಿ ಒಂದೊಂದು ಬಂತು. ಮುಂದೆ ಬ್ಲೈ ಎಂಬ ದೆವ್ವದ ಮನೆಯ ಕಥೆ. ಕೊನೆಗೆ 2013ರಲ್ಲಿ 'ಡೆತ್ ಆನ್ ಎ ಪೇಲ್ ಹಾರ್ಸ್', ಇದು 1879ರಲ್ಲಿ ದಕ್ಷಿಣ ಆಫ್ರಿಕಾದ ಇಸಂದ್ಲ್ವಾನದಲ್ಲಿ ಜುಲು ಸೇನೆ ಬ್ರಿಟಿಷರನ್ನು ಹೊಡೆದು ಹಾಕಿದ ಯುದ್ಧದ ಸುತ್ತ ಹೆಣೆದ ಕಾದಂಬರಿ.

ಹೋಮ್ಸ್ ಹೆಸರಲ್ಲಿ ಬೇರೆಯವರು ಬರೆದ ಕಥೆಗಳು ರಾಶಿ ರಾಶಿ ಇವೆ. ಹೆಚ್ಚಿನವು ಹಳೆಯ ಮಸಾಲೆಯನ್ನೇ ಮತ್ತೆ ಅರೆಯುತ್ತವೆ. ಥಾಮಸ್ ಮಾಡುವುದು ಬೇರೆ. ಅವರು ಕೇಸು ಕಟ್ಟುವುದಿಲ್ಲ, ನಿಜವಾಗಿ ನಡೆದ ಕೇಸಿಗೆ ಹೋಮ್ಸ್‌ನನ್ನು ಕಳಿಸುತ್ತಾರೆ. 1907ರಲ್ಲಿ ಡಬ್ಲಿನ್ ಕೋಟೆಯಿಂದ ಐರ್ಲೆಂಡಿನ ರಾಜಾಭರಣಗಳು ಮಾಯವಾದವು. ರಾಜ ಏಳನೇ ಎಡ್ವರ್ಡ್ ಭೇಟಿಗೆ ನಾಲ್ಕೇ ದಿನ ಬಾಕಿ ಇತ್ತು. ಇಂದಿಗೂ ಅವು ಸಿಕ್ಕಿಲ್ಲ. ಅದರ ಮೇಲೆ ಒಂದು ಕಥೆ. ಅದೇ ವರ್ಷ ಲಂಡನ್ನಿನ ಕ್ಯಾಮ್ಡನ್ ಟೌನ್‌ನಲ್ಲಿ ನಡೆದ ಕೊಲೆಯ ಮೇಲೆ ಇನ್ನೊಂದು. ಹೆಂಡಿರನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಂದು 1915ರಲ್ಲಿ ಗಲ್ಲಿಗೇರಿದ ಜಾರ್ಜ್ ಜೋಸೆಫ್ ಸ್ಮಿತ್‌ನ ಮೇಲೆ ಮತ್ತೊಂದು.

ಈ ವರ್ಷಗಳನ್ನು ನೋಡಿದಿರಲ್ಲ? ರಾಣಿ ವಿಕ್ಟೋರಿಯಾ ತೀರಿಕೊಂಡದ್ದು 1901ರಲ್ಲಿ. ಅಂದರೆ ಮಂಜು, ಗ್ಯಾಸ್ ದೀಪ, ಕುದುರೆಗಾಡಿಗಾಗಿ ಈ ಪುಸ್ತಕ ಕೊಂಡರೆ ಎಷ್ಟೋ ಕಥೆ ಆಚೆಯ ಕಾಲದ್ದು. ಅಪ್ಪಟ ವಿಕ್ಟೋರಿಯಾ ಕಾಲವೇ ಬೇಕೆನ್ನುವವರು ವೆರಿಟಿ ಕಡೆಗೆ ಹೋಗುವುದೇ ವಾಸಿ. ಅವನ ಕಥೆಗಳು 1857ರ ಆಸುಪಾಸಿನವು.

ಈ ಹೋಮ್ಸ್ ಕಥೆಗಳಲ್ಲಿ ನನ್ನನ್ನು ಬಿಡದೆ ಕಾಡಿದ್ದು 2007ರ ಸಂಕಲನದಲ್ಲಿರುವ ಪೀಸನ್‌ಹಾಲ್ ಕೊಲೆ. ನಿಜವಾದ ಘಟನೆ ಹೀಗೆ. ಸಫೋಕ್ ಕಡೆಯ ಒಂದು ಹಳ್ಳಿ. 1902ರ ಜೂನ್ ಮೊದಲ ದಿನ, ಬೆಳಗ್ಗೆ, ಮನೆಗೆಲಸದ ಹುಡುಗಿ ರೋಸ್ ಹಾರ್ಸೆಂಟ್ ಅಡುಗೆಮನೆಯಲ್ಲಿ ಕತ್ತು ಕೊಯ್ದು ಸತ್ತುಬಿದ್ದಿದ್ದಳು. ಬಸುರಿ ಬೇರೆ. ಮಧ್ಯರಾತ್ರಿ ಬರುತ್ತೇನೆ, ಕಿಟಕಿಯಲ್ಲಿ ದೀಪ ಇಡು ಎಂಬ ಅರ್ಥದ ಸಹಿಯಿಲ್ಲದ ಚೀಟಿ ಸಿಕ್ಕಿತು. ಅನುಮಾನ ಬಿದ್ದದ್ದು ವಿಲಿಯಂ ಗಾರ್ಡಿನರ್ ಮೇಲೆ. ಹೆಂಡತಿ ಮಕ್ಕಳಿದ್ದ, ಚರ್ಚಿನಲ್ಲಿ ಹಾಡು ನಡೆಸುತ್ತಿದ್ದ, ಊರಿನ ಗೌರವಸ್ಥ. ಇಪ್ಸ್‌ವಿಚ್‌ನಲ್ಲಿ ಎರಡು ಸಲ ವಿಚಾರಣೆಯಾಯಿತು. ಎರಡು ಸಲವೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಸರ್ಕಾರ ಕೈಬಿಟ್ಟಿತು. ಗಾರ್ಡಿನರ್ ತಪ್ಪಿತಸ್ಥನೂ ಅಲ್ಲ, ನಿರಪರಾಧಿ ಅಂತ ತೀರ್ಪೂ ಇಲ್ಲ.

ಇಂಥ ಕೇಸಿಗೆ ಹೋಮ್ಸ್ ಬಂದರೆ ಏನಾಗುತ್ತದೆ? ಕಥೆಯ ನಿಯಮದಂತೆ ಅವನಿಗೆ ಉತ್ತರ ಸಿಗಲೇಬೇಕು. ಅಲ್ಲೇ ನನಗೆ ಸ್ವಲ್ಪ ಕಸಿವಿಸಿ. ಸತ್ತದ್ದು ನಿಜವಾದ ಹುಡುಗಿ. ಉತ್ತರ ಕೊಡುವುದು ಕಲ್ಪನೆಯ ಪತ್ತೇದಾರ. ಥಾಮಸ್ ಇದನ್ನು ಗೌರವದಿಂದ ಮಾಡುತ್ತಾರೆ ನಿಜ. ಆದರೂ ಓದಿದ ಮೇಲೆ ಎಲ್ಲಿಯವರೆಗೆ ದಾಖಲೆ, ಎಲ್ಲಿಂದ ಕಲ್ಪನೆ ಅಂತ ಮನಸ್ಸಿನಲ್ಲಿ ಗೆರೆ ಎಳೆದುಕೊಳ್ಳುವ ಕೆಲಸ ನಿಮ್ಮದೇ. ಆ ಗೆರೆ ಎಳೆಯುವುದರಲ್ಲೇ ಖುಷಿ ಕಾಣುವವರಿಗೆ ಈ ಪುಸ್ತಕಗಳು ಹಬ್ಬ. ಸುಮ್ನೆ ಒಂದು ಹೋಮ್ಸ್ ಕಥೆ ಓದಿ ಮಲಗೋಣ ಅನ್ನುವವರಿಗೆ ಕಾನನ್ ಡಾಯ್ಲ್ ಬರೆದದ್ದೇ ಸಾಕಲ್ವಾ?

ಒಂದೇ ಮೋಸ, ಎರಡು ಪುಸ್ತಕ

ಈಗ ನನ್ನ ಕಣ್ಣು ತೆರೆಸಿದ ಪುಸ್ತಕ: 1998ರ 'ದಿ ವಿಕ್ಟೋರಿಯನ್ ಅಂಡರ್‌ವರ್ಲ್ಡ್'. ಇದು ಕಾದಂಬರಿ ಅಲ್ಲ, ಇತಿಹಾಸ. ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ 1849ರಿಂದ ಲಂಡನ್ನಿನ ಬಡವರನ್ನು ಮಾತಾಡಿಸಿ ಬರೆದಿಟ್ಟದ್ದು ಇಂಥ ಇತಿಹಾಸಕ್ಕೆಲ್ಲ ದೊಡ್ಡ ಗಣಿ. ಥೇಮ್ಸ್ ನದಿಯ ಕೆಸರಿನಲ್ಲಿ ಕಲ್ಲಿದ್ದಲು, ಮೊಳೆ ಹೆಕ್ಕುವ ಮಕ್ಕಳು, ಚರಂಡಿಯೊಳಗೆ ಇಳಿದು ಚಿಲ್ಲರೆ ಹುಡುಕುವವರು, ಚರ್ಮ ಹದ ಮಾಡುವವರಿಗೆ ಮಾರಲು ನಾಯಿ ಹೇಲು ಆರಿಸುವವರು. ಅವರ ಪಕ್ಕದಲ್ಲೇ ಕಳ್ಳರು, ವಂಚಕರು, ನಕಲಿ ಸಹಿ ಹಾಕುವವರು.

ಈ ಪುಸ್ತಕದಲ್ಲಿರುವ ಒಂದು ಮೋಸ ಬೆನ್ಸನ್ ಮತ್ತು ಕರ್ ಎಂಬಿಬ್ಬರದು. ಹ್ಯಾರಿ ಬೆನ್ಸನ್ ಚೆನ್ನಾಗಿ ಓದಿದವನು, ಫ್ರೆಂಚ್ ನೀರು ಕುಡಿದಂತೆ ಮಾತಾಡುತ್ತಿದ್ದ. ಕಾಲು ಕುಂಟು, ಯಾಕೆಂದರೆ ಹಿಂದೊಮ್ಮೆ ಜೈಲಿನಲ್ಲಿ ಹಾಸಿಗೆಗೆ ಬೆಂಕಿ ಹಚ್ಚಿಕೊಂಡು ಸಾಯಲು ನೋಡಿದ್ದ. ವಿಲಿಯಂ ಕರ್ ರೇಸಿನ ಮೋಸಗಾರ. ಇಬ್ಬರೂ ಸೇರಿ ಒಂದು ನಕಲಿ ರೇಸ್ ಪತ್ರಿಕೆ ಅಚ್ಚು ಹಾಕಿಸಿದರು. ಅದರಲ್ಲಿ ಒಬ್ಬ ಮಹಾಶಯನ ಹೊಗಳಿಕೆ: ಇವನು ಎಷ್ಟು ಗೆಲ್ಲುತ್ತಾನೆ ಅಂದರೆ ಬುಕ್ಕಿಗಳು ಇವನ ಹೆಸರಲ್ಲಿ ಪಣ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದಾರೆ. ಪತ್ರಿಕೆಯನ್ನು ಫ್ರಾನ್ಸಿನ ಸಾಹುಕಾರರಿಗೆ ಕಳಿಸಿದರು. ಹಿಂದೆಯೇ ಪತ್ರ: ನನ್ನ ಪರವಾಗಿ ನೀವು ಪಣ ಕಟ್ಟಿ, ದುಡ್ಡು ನನ್ನದೇ, ನಿಮಗೆ ಕಮಿಷನ್. ಮೊದಮೊದಲು ಸಣ್ಣ ಗೆಲುವಿನ ಚೆಕ್ ಬರುತ್ತಿತ್ತು. ಇಲ್ಲದ ಬ್ಯಾಂಕಿನ ಚೆಕ್. ಆಸೆ ಹುಟ್ಟಿದ ಮೇಲೆ ಅವರೇ ಸ್ವಂತ ದುಡ್ಡು ಹಾಕತೊಡಗಿದರು. ಮದಾಂ ದ ಗಾಂಕೂರ್ ಎಂಬ ಶ್ರೀಮಂತೆ 10,000 ಪೌಂಡು ಕಳೆದುಕೊಂಡಳು.

ವಾಟ್ಸಾಪ್‌ನಲ್ಲಿ ಷೇರು ಟಿಪ್ಸ್ ಕೊಡುವ ಗುಂಪಿಗೆ ನಿಮ್ಮನ್ನೂ ಯಾರೋ ಸೇರಿಸಿರಬಹುದು. ಮೊದಲ ವಾರ ಲಾಭ ತೋರಿಸಿ ಆಮೇಲೆ ದೊಡ್ಡ ಮೊತ್ತ ಕೇಳುವ ಗುಂಪು. ಬೆನ್ಸನ್ ಬಗ್ಗೆ ಓದುವಾಗ ನನಗೆ ಅದೇ ನೆನಪಾಯಿತು. ನೂರೈವತ್ತು ವರ್ಷ ಆಯ್ತು, ಉಪಾಯ ಅದೇ.

ಅದಕ್ಕಿಂತ ದೊಡ್ಡ ಹಗರಣ ಪೊಲೀಸರದು. ಸ್ಕಾಟ್ಲೆಂಡ್ ಯಾರ್ಡಿನ ಪತ್ತೇದಾರರೇ ಇವರಿಂದ ಲಂಚ ತಿನ್ನುತ್ತಿದ್ದರು. ಬಂಧಿಸಲು ಹೊರಟರೆ ಮೊದಲೇ ಸುದ್ದಿ ತಲುಪುತ್ತಿತ್ತು. 1877ರಲ್ಲಿ ಮೈಕಲ್‌ಜಾನ್, ಡ್ರಸ್ಕೋವಿಚ್, ಪಾಮರ್, ಕ್ಲಾರ್ಕ್ ಎಂಬ ನಾಲ್ವರು ಅಧಿಕಾರಿಗಳು ಕಟಕಟೆಗೆ ಬಂದರು. ಕ್ಲಾರ್ಕ್ ಬಿಡುಗಡೆಯಾದ. ಉಳಿದವರಿಗೆ ಎರಡೆರಡು ವರ್ಷದ ಕಠಿಣ ಶಿಕ್ಷೆ. ಮರುವರ್ಷವೇ ಹಳೆಯ ಪತ್ತೇದಾರಿ ವಿಭಾಗ ಮುಚ್ಚಿ ಸಿಐಡಿ ಶುರುವಾಯಿತು. ನಮ್ಮೂರಿನ ಪೊಲೀಸ್ ಠಾಣೆಗಳಲ್ಲೂ ಕೇಳಿಬರುವ ಆ ಮೂರಕ್ಷರ ಹುಟ್ಟಿದ್ದು ಹೀಗೆ, ಲಂಚದ ಕೇಸಿನ ಬೆನ್ನಿಗೆ.

ಇದೇ ಪ್ರಕರಣ ಹೋಮ್ಸ್ ಸಂಕಲನದಲ್ಲಿ 'ದಿ ಕೇಸ್ ಆಫ್ ದಿ ರೇಸಿಂಗ್ ಸರ್ಟನ್ಟಿ' ಎಂಬ ಕಥೆಯಾಗಿದೆ. ಎರಡನ್ನೂ ಹೋಲಿಸಿದರೆ ಇತಿಹಾಸದ ಪುಸ್ತಕವೇ ಗೆಲ್ಲುತ್ತದೆ ಅನ್ನುತ್ತೇನೆ. ಕಥೆಯಲ್ಲಿ ಹೋಮ್ಸ್ ಎಲ್ಲರಿಗಿಂತ ಬುದ್ಧಿವಂತ. ಇತಿಹಾಸದಲ್ಲಿ ಯಾರೂ ಬುದ್ಧಿವಂತರಲ್ಲ. ಎಲ್ಲರೂ ದುಡ್ಡಿನ ಹಿಂದೆ ಬಿದ್ದವರು, ಹೆದರಿದವರು, ಒಬ್ಬರನ್ನೊಬ್ಬರು ಮಾರಿಕೊಂಡವರು. ಅದು ಜಾಸ್ತಿ ರೋಚಕ. ಆದರೆ ಇತಿಹಾಸ ಮೊದಲು ಓದಿ, ಆಮೇಲೆ ಕಥೆ ಓದಿದರೆ ಥಾಮಸ್ ಎಲ್ಲಿ ಏನು ಬದಲಿಸಿದರು, ಯಾಕೆ ಬದಲಿಸಿದರು ಅಂತ ಕಾಣುತ್ತದೆ. ಮೇಷ್ಟರು ಪಾಠ ಮುಗಿಸಿ ಕ್ಯಾಂಟೀನಿನಲ್ಲಿ ಕೂತು ಅದನ್ನೇ ಹರಟೆಯಾಗಿ ಹೇಳಿದ ಹಾಗೆ. ನಾನು ಕಥೆಗಳಿಗೆ ವಾಪಸ್ ಬಂದದ್ದು ಇದರಿಂದಲೇ.

ಕಾರ್ಡಿಗನ್ನೋ, ಕಾಕ್ರೆನ್ನೋ

ಜೀವನಚರಿತ್ರೆ ಇಷ್ಟಪಡುವವರಿಗೆ ಆಯ್ಕೆ ಮುಖ್ಯವಾಗಿ ಈ ಇಬ್ಬರ ನಡುವೆ. ಕವಿಗಳಾದ ಸ್ವಿನ್‌ಬರ್ನ್ ಮತ್ತು ಬ್ರೌನಿಂಗ್, ಕಾದಂಬರಿಕಾರ ಫೀಲ್ಡಿಂಗ್ ಮೇಲಿನ ಪುಸ್ತಕಗಳೂ ಇವೆ. ಅವರ ಕೃತಿಗಳನ್ನು ಮೊದಲೇ ಓದಿ ಮೆಚ್ಚಿದವರಿಗಷ್ಟೇ ಅವು. ಹಿಂಸೆ, ಕಾಮದ ಬರಹಕ್ಕೆ ಕುಖ್ಯಾತನಾದ ಫ್ರೆಂಚ್ ಲೇಖಕ ಮಾರ್ಕ್ವಿಸ್ ದ ಸಾದ್‌ನ ಚರಿತ್ರೆಯೂ ಇದೆ, ಅದನ್ನು ನಾನು ಯಾರಿಗೂ ಮೊದಲ ಪುಸ್ತಕವಾಗಿ ಕೊಡುವುದಿಲ್ಲ.

ಕಾರ್ಡಿಗನ್ ಅಂದರೆ ಮುಂದೆ ಗುಂಡಿಯಿರುವ ಉಣ್ಣೆಯ ಸ್ವೆಟರಿಗೆ ಹೆಸರು ಕೊಟ್ಟವನು. 1854ರ ಅಕ್ಟೋಬರ್ 25ರಂದು, ಕ್ರೈಮಿಯಾ ಯುದ್ಧದಲ್ಲಿ, ಬಾಲಕ್ಲಾವ ಎಂಬಲ್ಲಿ ಸುಮಾರು 670 ಸವಾರರನ್ನು ರಷ್ಯನ್ನರ ಫಿರಂಗಿಗಳ ಬಾಯಿಗೆ ನಡೆಸಿದವನು. ಆದೇಶ ತಪ್ಪಾಗಿ ಅರ್ಥವಾಗಿತ್ತು. ಇವನು ಮುಂದೆ ನಿಂತು ಕುದುರೆ ಓಡಿಸಿ, ಫಿರಂಗಿಯವರೆಗೂ ಹೋಗಿ, ಜೀವಂತ ವಾಪಸ್ ಬಂದ. ಆಮೇಲೆ ಬಂದರಿನಲ್ಲಿ ನಿಂತಿದ್ದ ತನ್ನ ಸ್ವಂತ ವಿಹಾರನೌಕೆಗೆ ಹೋಗಿ ಮಲಗಿದ. ಅವನ ಸೈನಿಕರಿಗೆ ಡೇರೆ, ಚಳಿ, ಕಾಲರಾ.

ಭಾರತೀಯ ಓದುಗರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕಾರ್ಡಿಗನ್ ದುಡ್ಡು ಕೊಟ್ಟು ಕೊಂಡುಕೊಂಡ ರೆಜಿಮೆಂಟು ಆಗ ಭಾರತದಲ್ಲಿ, ಕಾನ್ಪುರದಲ್ಲಿತ್ತು. ಹೌದು, ಆಗ ಅಧಿಕಾರಿಯ ಹುದ್ದೆ ದುಡ್ಡಿಗೆ ಸಿಗುತ್ತಿತ್ತು. ಅಲ್ಲಿ ಬಿಸಿಲಲ್ಲಿ ವರ್ಷಗಟ್ಟಲೆ ದುಡಿದ ಬ್ರಿಟಿಷ್ ಅಧಿಕಾರಿಗಳನ್ನು ಇವನು 'ಇಂಡಿಯನ್' ಅಧಿಕಾರಿಗಳು ಅಂತ ಕೀಳಾಗಿ ಕಾಣುತ್ತಿದ್ದ. ಇಂಗ್ಲೆಂಡಿಗೆ ಮರಳಿದ ಮೇಲೆ, 1840ರಲ್ಲಿ, ಒಂದು ಔತಣದಲ್ಲಿ ಅಂಥ ಒಬ್ಬ ಅಧಿಕಾರಿಯ ಮುಂದೆ ಮೇಜಿನ ಮೇಲೆ ಕಪ್ಪು ಬಾಟಲಿ ಕಂಡಿತು. ಅದು ಮೊಸೆಲ್ ವೈನ್. ಇವನಿಗೆ ಅದು ಪೋರ್ಟರ್ ಬಿಯರಿನ ಹಾಗೆ ಕಂಡಿತು, ಪೋರ್ಟರ್ ಅಂದರೆ ಆ 'ಇಂಡಿಯನ್'ಗಳ ಕೀಳು ಪಾನೀಯ. ದೊಡ್ಡ ರಂಪವೇ ಆಯಿತು. ಪತ್ರಿಕೆಗಳು ತಿಂಗಳುಗಟ್ಟಲೆ ಇದನ್ನೇ ಬರೆದವು. ಅದೇ ವರ್ಷ ಇನ್ನೊಬ್ಬ ಹಳೆಯ ಅಧಿಕಾರಿ ಟಕೆಟ್‌ನ ಜೊತೆ ವಿಂಬಲ್ಡನ್ ಬಯಲಿನಲ್ಲಿ ಪಿಸ್ತೂಲು ಕಾಳಗ ಮಾಡಿ ಅವನನ್ನು ಗಾಯಗೊಳಿಸಿದ. ಹೌಸ್ ಆಫ್ ಲಾರ್ಡ್ಸ್‌ನಲ್ಲಿ ವಿಚಾರಣೆ. ಗಾಯಗೊಂಡವನ ಪೂರ್ತಿ ಹೆಸರನ್ನು ಸರಿಯಾಗಿ ಸಾಬೀತು ಮಾಡಲಿಲ್ಲ ಅನ್ನುವ ನೆಪದಲ್ಲಿ ಬಿಡುಗಡೆ!

ಕಾಕ್ರೆನ್ ಇದಕ್ಕೆ ತದ್ವಿರುದ್ಧ. ಸ್ಕಾಟ್ಲೆಂಡಿನ ಬಡ ಶ್ರೀಮಂತ, ಅಂದರೆ ಪದವಿ ಇದೆ ದುಡ್ಡಿಲ್ಲ. ನೌಕಾಪಡೆಗೆ ಸೇರಿದ. 1801ರಲ್ಲಿ 'ಸ್ಪೀಡಿ' ಎಂಬ 14 ಪುಟ್ಟ ತೋಪುಗಳ ಸಣ್ಣ ಹಡಗಿನಲ್ಲಿ ಐವತ್ತು ಚಿಲ್ಲರೆ ಜನ ಇಟ್ಟುಕೊಂಡು, ಮುನ್ನೂರಕ್ಕೂ ಹೆಚ್ಚು ಜನರಿದ್ದ 32 ತೋಪುಗಳ ಸ್ಪೇನಿನ 'ಗಾಮೊ' ಹಡಗನ್ನು ಹಿಡಿದ. ತೀರ ಹತ್ತಿರ ಹೋಗಿ ಅಂಟಿಕೊಂಡದ್ದರಿಂದ ದೊಡ್ಡ ಹಡಗಿನ ತೋಪಿನ ಗುಂಡುಗಳು ಇವರ ತಲೆ ಮೇಲೆ ಹಾರಿಹೋದವು. 1814ರಲ್ಲಿ ನೆಪೋಲಿಯನ್ ಸತ್ತ ಎಂಬ ಸುಳ್ಳು ಸುದ್ದಿ ಹಬ್ಬಿಸಿ ಲಂಡನ್ ಷೇರುಪೇಟೆಯಲ್ಲಿ ಬೆಲೆ ಏರಿಸಿದ ಹಗರಣದಲ್ಲಿ ಇವನೂ ಸಿಕ್ಕಿಬಿದ್ದ. ಜೈಲು, 1,000 ಪೌಂಡು ದಂಡ, ಮಾನ ಹೋಯಿತು. ಜೈಲಿನಿಂದ ತಪ್ಪಿಸಿಕೊಂಡದ್ದೂ ಉಂಟು. ಮುಂದೆ ಚಿಲಿ, ಬ್ರೆಜಿಲ್, ಗ್ರೀಸ್ ದೇಶಗಳ ನೌಕಾಪಡೆ ನಡೆಸಿದ. 1832ರಲ್ಲಿ ಕ್ಷಮೆ ಸಿಕ್ಕಿತು. 1860ರಲ್ಲಿ ಸತ್ತಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಣ್ಣು ಮಾಡಿದರು.

ಅಪರಾಧ ಕಥೆ ಇಷ್ಟ ಎನ್ನುವವರು ಕಾಕ್ರೆನ್ ಆರಿಸಿಕೊಳ್ಳಿ. ಅವನು ಮೋಸ ಮಾಡಿದನೇ, ಮೋಸಕ್ಕೆ ಬಲಿಯಾದನೇ ಎಂಬ ಪ್ರಶ್ನೆ ಪುಸ್ತಕದ ನಡುವೆ ಕೂತಿದೆ, ನೀವೇ ಜ್ಯೂರಿ. ಮನುಷ್ಯರ ದರ್ಪ ನೋಡಿ ನಗುವವರಿಗೆ ಕಾರ್ಡಿಗನ್. ಕಾರ್ಡಿಗನ್ ಪುಸ್ತಕ ಬಂದದ್ದೂ 1974ರಲ್ಲೇ, ಅಂದರೆ ಮೊದಲ ವೆರಿಟಿ ಬಂದ ವರ್ಷವೇ. ಒಂದೇ ವರ್ಷ, ಒಂದು ಹೆಸರಲ್ಲಿ ಕ್ರೈಮಿಯಾದ ಸೇನಾಪತಿ, ಇನ್ನೊಂದು ಹೆಸರಲ್ಲಿ ಕ್ರೈಮಿಯಾದಿಂದ ಮರಳಿದ ಬಡ ಸಾರ್ಜೆಂಟ್. ಜೋಡಿಯಾಗಿ ಓದಲು ಇದಕ್ಕಿಂತ ಒಳ್ಳೆಯದು ನನಗೆ ತೋಚುತ್ತಿಲ್ಲ.

ಲೂಯಿಸ್ ಕ್ಯಾರಲ್ ವಿಷಯದಲ್ಲಿ ಮಾತ್ರ ಪುಸ್ತಕಗಳು ಬಂದ ಕ್ರಮ ತಿರುಗಿಸಿ ಓದಿ. ಅವನ ನಿಜವಾದ ಹೆಸರು ಚಾರ್ಲ್ಸ್ ಡಾಡ್ಜ್‌ಸನ್, ಆಕ್ಸ್‌ಫರ್ಡಿನ ಗಣಿತದ ಮೇಷ್ಟರು, ಮಕ್ಕಳ ಫೋಟೋ ತೆಗೆಯುವ ಹವ್ಯಾಸ. 1880ರಲ್ಲಿ ಆ ಹವ್ಯಾಸ ಏಕಾಏಕಿ ನಿಲ್ಲಿಸಿದ. ಥಾಮಸ್ 1983ರಲ್ಲೇ 'ಮ್ಯಾಡ್ ಹ್ಯಾಟರ್ ಸಮ್ಮರ್' ಎಂಬ ಪತ್ತೇದಾರಿ ಕಾದಂಬರಿಯಲ್ಲಿ ಆ ಫೋಟೋಗಳನ್ನಿಟ್ಟು ಬೆದರಿಸಿ ದುಡ್ಡು ಕೀಳುವ ಕಥೆ ಹೆಣೆದರು. ಜೀವನಚರಿತ್ರೆ ಬಂದದ್ದು 1996ರಲ್ಲಿ. ಇಲ್ಲಿ ಕಾದಂಬರಿ ಮೊದಲು ಓದಿದರೆ ಚರಿತ್ರೆಯ ಪುಸ್ತಕ ಬರೀ ಆರೋಪಿಯ ಫೈಲಿನ ಹಾಗೆ ಕಾಣುವ ಅಪಾಯವಿದೆ. ಚರಿತ್ರೆ ಮೊದಲಿರಲಿ. ಡೈರಿಯ ಕೆಲವು ಸಂಪುಟಗಳು ಕಾಣೆಯಾಗಿರುವ, ಪುಟಗಳು ಕತ್ತರಿಸಿಹೋಗಿರುವ ಮನುಷ್ಯನ ಬಗ್ಗೆ ಏನು ಹೇಳಬಹುದು, ಏನು ಹೇಳಬಾರದು ಅನ್ನುವ ಎಚ್ಚರ ಅಷ್ಟಾದರೂ ಇರಲಿ.

ಥಾಮಸ್ ಬೇಡ ಅನ್ನುವವರಿಗೆ

ಇಷ್ಟೆಲ್ಲ ಕೇಳಿ, ನನಗೆ ಇತಿಹಾಸ ಬೇಡ, ಒಳ್ಳೆಯ ಒಗಟು ಸಾಕು ಅನ್ನುವವರಿದ್ದೀರಿ. ತಪ್ಪೇನಿಲ್ಲ. ಪೀಟರ್ ಲವ್ಸೆ ಅವರ ಸಾರ್ಜೆಂಟ್ ಕ್ರಿಬ್ ಹಿಡಿಯಿರಿ. ಮೊದಲ ಪುಸ್ತಕ 'ವಾಬಲ್ ಟು ಡೆತ್' 1970ರದ್ದು. 1879ರ ಲಂಡನ್ನಿನಲ್ಲಿ ಆರು ದಿನ ಎಡೆಬಿಡದೆ ನಡೆಯುವ ಪಂದ್ಯ, ಅದರ ನಡುವೆ ಸಾವು. ಪುಟ ಕಡಿಮೆ, ಭಾಷೆ ತಿಳಿ, ಕೊಲೆಗಾರ ಯಾರು ಅಂತ ಊಹಿಸುವ ಆಟ ನ್ಯಾಯವಾಗಿದೆ. ಕ್ರಿಬ್ ಓದಿದ ಮೇಲೆ ವೆರಿಟಿಗೆ ಬಂದವರು ಮೊದಲು ಗೊಣಗುತ್ತಾರೆ, ವೆರಿಟಿಯಲ್ಲಿ ಕೊಲೆಗಾರ ಯಾರು ಎಂಬ ಗುಟ್ಟೇ ಇಲ್ಲವಲ್ಲ ಅಂತ. ನಿಜ. ಅಲ್ಲಿ ಕಳ್ಳ ಯಾರು ಅಂತ ಮೊದಲೇ ಗೊತ್ತು. ಹಿಡಿಯುವುದು ಹೇಗೆ ಅನ್ನುವುದೇ ಕಥೆ.

ಕೊಳ್ಳುವ ಮುಂಚೆ

ವೆರಿಟಿಯ ಎರಡನೆಯ ಪುಸ್ತಕದಲ್ಲಿ ಒಂದು ವಜ್ರ ಇದೆ, ಕಥೆ 1857ರ ಬಂಡಾಯದ ನಂತರದ ಭಾರತಕ್ಕೆ ಹೋಗುತ್ತದೆ. ವಜ್ರ, ಭಾರತ, ಇಂಗ್ಲಿಷ್ ಪತ್ತೇದಾರಿ ಅಂದ ಕೂಡಲೇ ನಮಗೆ ನೆನಪಾಗಬೇಕಾದ ಕಾದಂಬರಿ ಬೇರೆ. ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್', 1868ರದ್ದು. ಅದು ಶುರುವಾಗುವುದೇ ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮೇ ತಿಂಗಳು, ಟಿಪ್ಪುವಿನ ಕೋಟೆ ಬಿದ್ದ ದಿನದ ಲೂಟಿಯಲ್ಲಿ. ಟಿಪ್ಪುವಿನ ಕಠಾರಿಯ ಹಿಡಿಯಲ್ಲಿದ್ದ ವಜ್ರವನ್ನು ಒಬ್ಬ ಇಂಗ್ಲಿಷ್ ಅಧಿಕಾರಿ ಕೊಲೆ ಮಾಡಿ ಕದಿಯುತ್ತಾನೆ. ವಜ್ರ ಕಲ್ಪನೆಯದ್ದು, ಲೂಟಿ ಮಾತ್ರ ನಿಜವಾಗಿ ನಡೆದದ್ದು. ಥಾಮಸ್ ಬೆಳೆದ ಪರಂಪರೆ ಅದು. ಎರಡರಲ್ಲಿ ಯಾವುದು ಅಂತ ಕೇಳಿದರೆ ಕಣ್ಣು ಮುಚ್ಚಿ ಕಾಲಿನ್ಸ್ ಅನ್ನುತ್ತೇನೆ. ವೆರಿಟಿಯ ವಜ್ರ ಆಮೇಲೆ.

ಇನ್ನು ಹೆಸರಿನ ಗೊಂದಲ. ಥಾಮಸ್ ಅವರ ಪುಸ್ತಕಗಳು ಇಂಗ್ಲೆಂಡಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು ಹೆಸರು ಹೊತ್ತು ಬಂದಿವೆ. ಇಂಗ್ಲೆಂಡಿನಲ್ಲಿ 'ಚಾರ್ಜ್! ಹುರ್ರಾ! ಹುರ್ರಾ!' ಅಂದರೆ ಕಾರ್ಡಿಗನ್ನನ ಚರಿತ್ರೆಯೇ. 'ಬ್ರಿಟಾನಿಯಾಸ್ ಲಾಸ್ಟ್ ಸೀ-ಕಿಂಗ್' ಮತ್ತು 'ಬ್ರಿಟಾನಿಯಾಸ್ ಸೀ ವುಲ್ಫ್' ಎರಡೂ ಒಬ್ಬನೇ ಕಾಕ್ರೆನ್. ಬೆನ್ಸನ್ ಕಥೆಯಿರುವ ಹೋಮ್ಸ್ ಸಂಕಲನ ಒಂದು ಕಡೆ 'ರನ್ನಿಂಗ್ ನೂಸ್', ಇನ್ನೊಂದು ಕಡೆ 'ವಾಯ್ಸ್ ಫ್ರಮ್ ದಿ ಕ್ರಿಪ್ಟ್'. ಹೆಸರು ಬೇರೆ ಅಂತ ಖುಷಿಯಿಂದ ಎರಡನ್ನೂ ಕೊಂಡು, ಮನೆಗೆ ತಂದು, ಮೊದಲ ಪುಟ ತಿರುಗಿಸಿದ ಮೇಲೆ ನನಗಿದು ಗೊತ್ತಾಯಿತು. ಒಂದು ಪ್ರತಿ ಸುಮ್ಮನೆ ಕೂತಿದೆ. ಯಾರಾದರೂ ಬಂದು ತೆಗೆದುಕೊಂಡು ಹೋಗಬಹುದು.